266 ಕ್ಲ್ಯಾಂಪ್ ಮೀಟರ್: ನಮ್ಮ ಗೀಸರ್ ಕಾಯಿಲ್ ಉಳಿಸಿದ್ದು ಇದ

ಮನ್ಯಾಗಿನ ಕರೆಂಟ್ ಸಾಮಾನು ಎಷ್ಟು ವ್ಯಾಟ್ ತಗೊಳ್ತೈತಿ ಅಂತ ನೀವ ಅಳದು ನೋಡಬೇಕಂದ್ರ ಈ 266 ಮಾಡೆಲ್ಲಿನ ಕ್ಲ್ಯಾಂಪ್ ಮೀಟರ್ (ವಾಯರ್ ಬಾಯಾಗ ಹಿಡದು ಕರೆಂಟ್ ಅಳಿಯೋ ಮೀಟರ್) ತಗೋರಿ, ಸಾವಿರ ರೂಪಾಯಿ ಒಳಗ ಸಿಗ್ತೈತಿ. ಇದನ್ನ ಬ್ಯಾರೆ ಬ್ಯಾರೆ ಹೆಸರು ಹಚ್ಚಿ ಮಾರ್ತಾರ. ನಾ ಹುಬ್ಬಳ್ಳಿ ದುರ್ಗದ ಬೈಲ ಹತ್ರ ಒಂದು ಸಣ್ಣ ಎಲೆಕ್ಟ್ರಿಕಲ್ ಅಂಗಡ್ಯಾಗ ತಗೊಂಡೆ, ಅಂಗಡಿಯವರು ಡಬ್ಬಿ ಬಿಚ್ಚಿ 9 ವೋಲ್ಟ್ ಸೆಲ್ ಹಾಕಿ ತಮ್ಮ ಪ್ಲಗ್ಗಿನ ವೋಲ್ಟೇಜ್ ತೋರಿಸಿ ಆಮ್ಯಾಲೆ ರೊಕ್ಕ ಇಸ್ಗೊಂಡ್ರು, ಅದು ಭಾಳ ಚಲೋ ಅನಿಸ್ತು.

ನಾ ತಗೊಂಡಿದ್ದು ಗೀಸರ್ ಸಲುವಾಗಿ. ನೀರು ಲಗೂನ ಕಾಯವಲ್ದು ಅಂತ ಅವ್ವ ದಿನಾ ಅನ್ನಾಕ ಹತ್ತಿದ್ಳು, ನೋಡಾಕ ಬಂದ ವಾಯರ್‌ಮನ್ "ಕಾಯಿಲ್ ಹೋಗೈತ್ರಿ, ಹೊಸಾದು ಹಾಕಬೇಕ್ರಿ" ಅಂದ್ಬಿಟ್ರು, ಏನೂ ಅಳೀಲಿಲ್ಲ. ಕಾಯಿಲ್ ಕೆಟ್ಟೈತೋ ಇಲ್ಲೋ ಅನ್ನೂದು ಎರಡು ಅಂಕಿ ಸಿಕ್ರ ಗೊತ್ತಾಗ್ತೈತ್ರಿ. ವೋಲ್ಟೇಜ್ ಮತ್ತ ಆಂಪಿಯರ್, ಅಷ್ಟ. ವೋಲ್ಟೇಜನ್ನ ಆಂಪಿಯರಿನಿಂದ ಭಾಗಿಸಿದ್ರ ಓಮ್ (ಕರೆಂಟಿಗೆ ತಂತಿ ಒಡ್ಡೋ ಅಡ್ಡಿಯ ಅಳತಿ), ಎರಡೂ ಗುಣಿಸಿದ್ರ ವ್ಯಾಟ್.

ಗೀಸರ್ ಮ್ಯಾಲೆ 2000 ವ್ಯಾಟ್, 230 ವೋಲ್ಟ್ ಅಂತ ಬರದಿತ್ತು. 230ನ್ನ 230ರಿಂದ ಗುಣಿಸಿ 2000ದಿಂದ ಭಾಗಿಸ್ರಿ, 26.45 ಓಮ್ ಬರ್ತೈತಿ, ಅಂದ್ರ ಕಾಯಿಲ್ ಸರಿ ಇದ್ರ ಅಷ್ಟ ಇರಬೇಕು. ಗೀಸರ್ ಚಾಲೂ ಇದ್ದಾಗ ಬಾತ್‌ರೂಮ್ ಸಾಕೆಟ್ಟಿನ್ಯಾಗ ನಂಗ ಸಿಕ್ಕಿದ್ದು 196 ವೋಲ್ಟ್, 7.4 ಆಂಪಿಯರ್. ಭಾಗಿಸಿದ್ರ 26.5 ಓಮ್! ಕಾಯಿಲ್‌ಗೆ ಏನೂ ಆಗಿಲ್ಲ, ಆದ್ರ ಗುಣಿಸಿದ್ರ 1450 ವ್ಯಾಟ್ ಅಷ್ಟ ಬರ್ತೈತಿ, 2000ದ ಗೀಸರ್ 1450ರಾಗ ನಡದ್ರ ನೀರು ಹೆಂಗ ಲಗೂನ ಕಾಯಬೇಕು. ವೋಲ್ಟೇಜ್ ಸ್ವಲ್ಪ ಇಳದ್ರ ವ್ಯಾಟ್ ಭಾಳ ಇಳೀತೈತಿ, ಯಾಕಂದ್ರ ವೋಲ್ಟೇಜ್ ಜೋಡಿ ಆಂಪಿಯರೂ ಇಳೀತೈತಿ, ಇದು ಭಾಳ ಮಂದಿಗೆ ತಲ್ಯಾಗ ಇರೂದಿಲ್ಲ.

ಅದ ಹೊತ್ತಿಗೆ ಮೇನ್ ಬೋರ್ಡಿನ್ಯಾಗ ನೋಡಿದ್ರ 222 ವೋಲ್ಟ್ ಇತ್ತು. ಬೋರ್ಡಿಂದ ಸಾಕೆಟ್ಟಿಗೆ ಬರೂದ್ರಾಗ 26 ವೋಲ್ಟ್ ಹೋತು, ಅದನ್ನ 7.4ರಿಂದ ಭಾಗಿಸಿದ್ರ ವಾಯರಿನ ದಾರ್ಯಾಗ 3.5 ಓಮ್. 2.5 ಸ್ಕ್ವೇರ್ ಎಂಎಂ ತಾಮ್ರದ ವಾಯರ್ ಹೋಗಿ ಬರೂದು ಸೇರಿ 40 ಮೀಟರ್ ಆದ್ರೂ 0.3 ಓಮ್ ಇರ್ತೈತಿ, ಅಷ್ಟ. ಅಂದ್ರ ಎಲ್ಲೋ ಜಾಯಿಂಟ್ ಸಡಲ ಆಗೈತಿ, ಅಲ್ಲಿ 26ನ್ನ 7.4ರಿಂದ ಗುಣಿಸಿದ್ರ 190 ವ್ಯಾಟ್ ಹತ್ರ ಬಿಸಿ ಕೂಡಾಕತ್ತೈತಿ. ಬಿಲ್ಲಿನ ಲೆಕ್ಕದಾಗ ಇದು ದೊಡ್ಡದಲ್ಲ, ದಿನಾ ಅರ್ಧ ತಾಸು ಹಚ್ಚಿದ್ರ ತಿಂಗಳಿಗೆ ಮೂರು ಯೂನಿಟ್, ಆದ್ರ ಗ್ವಾಡಿ ಒಳಗ ಒಂದ ಸ್ಕ್ರೂ ಮ್ಯಾಲೆ ಅಷ್ಟು ಬಿಸಿ ಅಂದ್ರ ಬೆಂಕಿ ಹತ್ತೂ ಮಾತು. ಬ್ಯಾರೆ ವಾಯರ್‌ಮನ್ ಕರಸಿ ಮೇನ್ ಬಂದ್ ಮಾಡಿ ಬಿಚ್ಚಿಸಿದ್ರ ಸ್ವಿಚ್ ಬಾಕ್ಸಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೂ ವಾಯರ್) ಜಾಯಿಂಟ್ ಸುಟ್ಟು ಕರ್ರಗ ಆಗಿತ್ತು. ಅದನ್ನ ಕತ್ತರಿಸಿ ಹೊಸಾದು ಹಾಕಿದ ಮ್ಯಾಲೆ 217 ವೋಲ್ಟ್, 8.2 ಆಂಪಿಯರ್, ಅಂದ್ರ 1780 ವ್ಯಾಟ್. ಓಮ್ ಮಾತ್ರ ಮತ್ತ 26.5.

ಈಗ ಮೀಟರ್ ವಿಚಾರ. ಕ್ಲ್ಯಾಂಪಿನ ಬಾಯಾಗ ಒಂದ ವಾಯರ್ ಇರಬೇಕ್ರಿ, ಫೇಸ್ ಇಲ್ಲಾ ನ್ಯೂಟ್ರಲ್. ಪೂರಾ ಕೇಬಲ್ ಹಿಡದ್ರ ಸೊನ್ನಿ ತೋರಸ್ತೈತಿ, ಹೋಗೂ ಕರೆಂಟು ಬರೂ ಕರೆಂಟು ಒಂದನ್ನೊಂದು ಕಳೀತಾವು. ಅದಕ್ಕ ನಾ ಆ ಎರಡನೇ ವಾಯರ್‌ಮನ್ ಕಡಿಂದ ಫೇಸು, ನ್ಯೂಟ್ರಲ್ಲು, ಅರ್ಥು ಬಿಡಿ ಬಿಡಿ ಇರೋ ಸಣ್ಣ 16 ಆಂಪಿಯರ್ ಎಕ್ಸ್‌ಟೆನ್ಶನ್ ಮಾಡಿಸಿಟ್ಟೀನಿ, ಬೋರ್ಡ್ ಬಿಚ್ಚೂ ಕೆಲಸಾನ ಇಲ್ಲ.

200 ಆಂಪಿಯರ್ ರೇಂಜಿನ್ಯಾಗ 0.1 ಆಂಪಿಯರಿಗಿಂತ ಸಣ್ಣದು ಕಾಣೂದಿಲ್ಲ. ಇಸ್ತ್ರಿ, ಕಾಯಿಲ್ ಒಲಿ, ಗೀಸರ್ ಸಲೀಸಾಗಿ ಸಿಗ್ತಾವು, 9 ವ್ಯಾಟ್ ಎಲ್‌ಇಡಿ ಬಲ್ಬ್ ಸಿಗೂದಿಲ್ಲ. ಸಣ್ಣ ಕರೆಂಟಿಗೆ ಒಂದು ಉಪಾಯ ಐತಿ, ಫೇಸ್ ವಾಯರ್ ಹತ್ತು ಸುತ್ತು ಬಾಯೊಳಗ ಹಾಯಿಸ್ರಿ, ಬಂದ ಅಂಕಿ ಹತ್ತರಿಂದ ಭಾಗಿಸ್ರಿ. ಹಳೇ ತಂತಿಯ 100 ವ್ಯಾಟ್ ಬಲ್ಬಿಗೆ 4.3 ಬಂದ್ರ ಖರೇ ಆಂಪಿಯರ್ 0.43.

ಓಮ್ ರೇಂಜೂ ಐತಿ, ಅದನ್ನ ಕರೆಂಟ್ ಇದ್ದಾಗ ಎಂದೂ ಮುಟ್ಟಿಸಬ್ಯಾಡ್ರಿ, ಪ್ಲಗ್ ಕಿತ್ತ ಮ್ಯಾಲೆ ಅಷ್ಟ. ಮೊದಲ ಮೀಟರಿನ ಎರಡೂ ಪ್ರೋಬ್ (ವಾಯರಿನ ತುದಿಯ ಮೊಳೆ) ಒಂದಕ್ಕೊಂದು ಮುಟ್ಟಿಸಿ ಬರೋ ಅಂಕಿ ಕಳೀಬೇಕು. ಕಾಯಿಲ್‌ಗೆ ಇದು ಸರಿ ಹೊಂದ್ತೈತಿ, ಅದರೊಳಗಿನ ನೈಕ್ರೋಮ್ ತಂತಿ ಕಾದ್ರೂ ಓಮ್ ಹೆಚ್ಚು ಬದಲಾಗೂದಿಲ್ಲ. ಆ ಹಳೇ 100 ವ್ಯಾಟ್ ಬಲ್ಬಿಗೆ ಹಂಗಲ್ಲ, ತಣ್ಣಗಿದ್ದಾಗ 40ರ ಸುಮಾರು ತೋರಸೋ ತಂತಿ ಉರಿಯಾಗ 529 ಓಮ್ ಆಗ್ತೈತಿ, ಅದಕ್ಕ ಬಲ್ಬಿನ ವ್ಯಾಟ್ ಬೇಕಂದ್ರ ಉರಿಸೇ ಅಳೀಬೇಕು.

ಮೋಟಾರಿಗೆ, ಗಿರಣಿಗೆ, ಬೋರ್ ಪಂಪಿಗೆ ವೋಲ್ಟು ಆಂಪಿಯರು ಗುಣಿಸಿ ಇಷ್ಟ ವ್ಯಾಟ್ ಅಂತ ಹೇಳಬ್ಯಾಡ್ರಿ, ಅಲ್ಲಿ ಪವರ್ ಫ್ಯಾಕ್ಟರ್ (ಗುಣಿಸಿ ಬಂದದ್ರಾಗ ಖರೇ ವ್ಯಾಟ್ ಎಷ್ಟು ಪಾಲು ಅನ್ನೂದು) ಬರ್ತೈತಿ, ಖರೇ ವ್ಯಾಟ್ ಅದಕ್ಕಿಂತ ಕಡಿಮಿ ಇರ್ತೈತಿ, ಈ ಮೀಟರ್ ಅದನ್ನ ತೋರಸೂದಿಲ್ಲ. ಓವರ್‌ಲೋಡ್ ಆಗೈತೇನು ಅಂತ ಆಂಪಿಯರ್ ನೋಡಾಕ ಮಾತ್ರ ಚಲೋ.

ಡಿಸ್‌ಪ್ಲೇಗೆ ಲೈಟ್ ಇಲ್ಲ, ಕತ್ತಲಾಗಿನ ಬೋರ್ಡಿಗೆ ಟಾರ್ಚ್ ಹಿಡೀಬೇಕು, ಬಾಜೂಕ ಇರೋ ಹೋಲ್ಡ್ ಬಟನ್ ಒತ್ತಿದ್ರ ಅಂಕಿ ನಿಲ್ತೈತಿ, ಅದೊಂದು ಅನುಕೂಲ. ಇನ್ವರ್ಟರ್ ಬ್ಯಾಟರಿ, ಸೋಲಾರ್ ಇದ್ದವರು ಇದನ್ನ ತಗೋಬ್ಯಾಡ್ರಿ, ಡಿಸಿ (ಬ್ಯಾಟರಿಯಿಂದ ಬರೋ ಕರೆಂಟ್) ವೋಲ್ಟ್ ತೋರಸ್ತೈತಿ, ಡಿಸಿ ಆಂಪಿಯರ್ ಇಲ್ಲ. ಎಸಿ ಡಿಸಿ ಎರಡೂ ಆಂಪಿಯರ್ ಅಳಿಯೋ ಕ್ಲ್ಯಾಂಪ್ ಬ್ಯಾರೇನ ಬರ್ತೈತಿ, ರೇಟು ಜಾಸ್ತಿ, ಅಂಗಡ್ಯಾಗ ಬಿಚ್ಚಿ ಹೇಳಿ ಕೇಳ್ರಿ.