ಸಿಗ್ನಲ್ ಸರಿಮಾಡಿದ್ದು ಲೀಕ್ ಅಪ್‌ಡೇಟ್, ಉಳಿದದ್ದನ್ನು ಸರಿಮಾಡಿದ್ದು ಅಧಿಕೃತ ಅಪ್‌ಡೇಟ್

ಫೋನ್ ಯಾವುದು, ಕ್ಯಾರಿಯರ್ (ಸಿಮ್ ಕೊಡುವ ಮೊಬೈಲ್ ಕಂಪನಿ) ಯಾವುದು ಅಂತ ಹೆಸರು ಹೇಳುವುದಿಲ್ಲ, ಜಗಳ ಬೇಡ. ಅಮೆರಿಕಾದಲ್ಲಿ 2011ರಲ್ಲಿ ಬಂದ ಮೊದಮೊದಲ ಎಲ್‌ಟಿಇ (4ಜಿ) ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಅಂತಿಟ್ಟುಕೊಳ್ಳಿ. ಕ್ಯಾರಿಯರ್ ಅಂಗಡಿಯಲ್ಲೇ ಎರಡು ವರ್ಷದ ಕರಾರಿಗೆ ಸಹಿ ಹಾಕಿ ತಗೊಂಡದ್ದು. ಇದನ್ನು ಬರೆದದ್ದು 2013ರಲ್ಲಿ, ಆ ಬೇಸಿಗೆಗೆ ಕರಾರು ಮುಗಿಯುವುದಿತ್ತು. ಪರದೆ ಎಷ್ಟು ಇಂಚು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದನ್ನೆಲ್ಲ ನೀವು ಬೇರೆ ಕಡೆ ಓದಿರುತ್ತೀರಿ. ನನಗೆ ಹೇಳಬೇಕಾಗಿರುವುದು ಅದಕ್ಕೆ ಬಂದ ಅಪ್‌ಡೇಟುಗಳ ಬಗ್ಗೆ. ಅಧಿಕೃತವಾಗಿ ಬಂದದ್ದು, ಬರುತ್ತೇನೆ ಅಂತ ಹೇಳಿ ಬಾರದೇ ಇದ್ದದ್ದು, ಹಿಂಬಾಗಿಲಿನಿಂದ ಬಂದದ್ದು, ಎಲ್ಲ.

ನಾನು ದಿನಾ ನ್ಯೂಜೆರ್ಸಿಯ ಎಡಿಸನ್‌ನಿಂದ ನ್ಯೂವಾರ್ಕ್‌ಗೆ ರೈಲಿನಲ್ಲಿ ಹೋಗುವವನು. ಬೆಳಿಗ್ಗೆ ಏಳೂವರೆ ಅಂದರೆ ಚಳಿಗಾಲದಲ್ಲಿ ಮೈಸೂರಿನಲ್ಲಿ ಸಂಜೆ ಆರು. ಅಮ್ಮ ದೀಪ ಹಚ್ಚಿ, ಟಿವಿ ಧಾರಾವಾಹಿ ಶುರುವಾಗುವ ಮುಂಚೆ ಸ್ವಲ್ಪ ಬಿಡುವಾಗಿರುವ ಹೊತ್ತು. ರೈಲು ಹತ್ತಿದ ಕೂಡಲೇ, ಇಂಟರ್ನೆಟ್ ಮೂಲಕ ಮಾತಾಡುವ ಸ್ಕೈಪ್ ಹಾಕುತ್ತೇನೆ. ಮೆಟುಚೆನ್, ಮೆಟ್ರೋಪಾರ್ಕ್‌ವರೆಗೆ ಪರವಾಗಿಲ್ಲ. ರಾವೇ ಹತ್ತಿರ ಬಂತು ಅಂದರೆ ಫೋನು 4ಜಿ ಬಿಟ್ಟು 3ಜಿಗೆ ಇಳಿಯುತ್ತದೆ, ಇಳಿದದ್ದು ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನುವ ಹಾಗೆ ನಿಂತುಬಿಡುತ್ತದೆ. ಸಿಗ್ನಲ್ ಕಡ್ಡಿಗಳೇನೋ ಪೂರ್ತಿ ಇರುತ್ತವೆ, ಆದರೆ ಒಂದು ಅಕ್ಷರವೂ ಆಚೆ ಹೋಗುವುದಿಲ್ಲ, ಒಳಗೂ ಬರುವುದಿಲ್ಲ. ಏರ್‌ಪ್ಲೇನ್ ಮೋಡ್ ಹಾಕು, ಹತ್ತು ಎಣಿಸು, ತೆಗೆ, ಮತ್ತೆ ಡಯಲ್ ಮಾಡು. ಅಮ್ಮನ ಮೊದಲ ಮಾತು ಯಾವಾಗಲೂ ಒಂದೇ: "ಮತ್ತೆ ಸುರಂಗದೊಳಗೆ ಹೋಗಿದ್ದೇನಪ್ಪಾ?" ಆ ದಾರಿಯಲ್ಲಿ ಸುರಂಗವೇ ಇಲ್ಲ. ಹೇಳಿದರೆ ನಂಬುವುದಿಲ್ಲ.

ಇದು ಟವರಿನ ತಪ್ಪು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಪಕ್ಕದ ಸೀಟಿನವರ ಬೇರೆ ಫೋನು, ಅದೇ ಕ್ಯಾರಿಯರ್, ಅದೇ ಜಾಗದಲ್ಲಿ ಸರಿಯಾಗಿ ನಡೆಯುತ್ತಿತ್ತು. ಒಂದು ಜಾಲದಿಂದ ಇನ್ನೊಂದಕ್ಕೆ ಯಾವಾಗ ದಾಟಬೇಕು, ಹೇಗೆ ದಾಟಬೇಕು ಅಂತ ತೀರ್ಮಾನ ಮಾಡುವುದು ಫೋನಿನ ಮೋಡೆಮ್‌ನಲ್ಲಿರುವ (ಟವರಿನ ಜೊತೆ ಮಾತಾಡುವ ಭಾಗದಲ್ಲಿರುವ) ಸಾಫ್ಟ್‌ವೇರ್. ಆಂಡ್ರಾಯ್ಡ್ ಮಂದಿ ಅದನ್ನು ಸುಮ್ನೆ ರೇಡಿಯೋ ಅನ್ನುತ್ತಾರೆ. ನನ್ನ ಫೋನಿನ ರೇಡಿಯೋ ಹಳೆಯದು. ಹೊಸದು ಬರಬೇಕಾದರೆ ಅಪ್‌ಡೇಟ್ ಬರಬೇಕು. ಅಪ್‌ಡೇಟ್ ಬರಬೇಕಾದರೆ ಮೊದಲು ಗೂಗಲ್ ಕೋಡ್ ಕೊಡಬೇಕು, ಆಮೇಲೆ ಚಿಪ್ ಮಾಡುವವರು ಮತ್ತು ಫೋನ್ ತಯಾರಕರು ಅದನ್ನು ತಮ್ಮ ಫೋನಿಗೆ ಹೊಂದಿಸಬೇಕು, ಕೊನೆಗೆ ಕ್ಯಾರಿಯರ್ ಪರೀಕ್ಷೆ ಮಾಡಿ ಒಪ್ಪಬೇಕು. ಈ ಕೊನೆಯ ಮನೆಯಲ್ಲೇ ತಿಂಗಳುಗಟ್ಟಲೆ ಧೂಳು ಹಿಡಿಯುವುದು.

ನನ್ನ ಫೋನಿನದೊಂದೇ ಕಥೆ ಅಂದುಕೊಳ್ಳಬೇಡಿ. ಗ್ಯಾಲಕ್ಸಿ ನೆಕ್ಸಸ್ ಗೂಗಲ್‌ನದೇ ಹೆಸರಿನ ಫೋನು, ಅಲ್ವಾ? ಕ್ಯಾರಿಯರ್ ಹಿಡಿತವಿಲ್ಲದ ಜಿಎಸ್‌ಎಂ ಮಾದರಿಗೆ ಜೆಲ್ಲಿ ಬೀನ್ (ಆಂಡ್ರಾಯ್ಡ್ 4.1) 2012ರ ಜುಲೈನಲ್ಲೇ ಬಂತು, ಇಲ್ಲಿನ ಕ್ಯಾರಿಯರ್ ವೆರೈಝನ್ ಮಾರಿದ ಮಾದರಿಗೆ ಬಂದದ್ದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ನಡುವೆ ಲೀಕ್ ಆದ ಬಿಲ್ಡ್‌ಗಳು (ಸಾಫ್ಟ್‌ವೇರಿನ ಆವೃತ್ತಿಗಳು) ಓಡಾಡುತ್ತಲೇ ಇದ್ದವು. ಐಫೋನ್ ಕೂಡ ಶುರುವಿನಲ್ಲಿ ಪೂರ್ತಿ ತಪ್ಪಿಸಿಕೊಂಡಿರಲಿಲ್ಲ. ವೆರೈಝನ್‌ನ ಐಫೋನ್ 4 ಬಹಳ ಕಾಲ ಐಒಎಸ್ 4.2ರಲ್ಲೇ ಇತ್ತು, ಉಳಿದವರು 4.3ರಲ್ಲಿದ್ದರು, 2011ರ ಅಕ್ಟೋಬರ್‌ನಲ್ಲಿ ಐಒಎಸ್ 5 ಬಂದ ಮೇಲೆ ಎಲ್ಲ ಒಂದಾಯಿತು. ಆಮೇಲೆ ಅವರಿಗೆ ಈ ರಗಳೆ ಇಲ್ಲ. ನಮಗೆ ಇದೆ.

ಮೈಸೂರಿನಲ್ಲಿ ನನ್ನ ತಮ್ಮ ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು, ಇದೇ ತಯಾರಕರ ಫೋನ್ ತಗೊಂಡಿದ್ದ. ಅಲ್ಲಿ ಸಿಮ್ ಕಂಪನಿಗೂ ಫೋನಿನ ಸಾಫ್ಟ್‌ವೇರಿಗೂ ಸಂಬಂಧ ಇಲ್ಲ, ತಯಾರಕರೇ ನೇರವಾಗಿ ಅಪ್‌ಡೇಟ್ ಕಳಿಸುತ್ತಾರೆ. ಅವನಿಗೆ ಐಸ್ ಕ್ರೀಮ್ ಸ್ಯಾಂಡ್‌ವಿಚ್ (ಆಂಡ್ರಾಯ್ಡ್ 4.0) ಬಂದು ಹಳತಾಗಿತ್ತು, ನಾನಿನ್ನೂ ಅದಕ್ಕೂ ಹಿಂದಿನ ಜಿಂಜರ್‌ಬ್ರೆಡ್‌ನಲ್ಲಿದ್ದೆ. "ಏನಣ್ಣಾ, ಅಮೆರಿಕಾದಲ್ಲಿ ಕೂತು ಇನ್ನೂ ಹಳೇ ಆಂಡ್ರಾಯ್ಡಾ?" ಅಂತ ಅವನು ಕೇಳಿದ ವಾರವೇ ನಾನು ಲೀಕ್ ಹುಡುಕಿದ್ದು.

ಲೀಕ್ ಅಂದರೆ ಯಾರೋ ಮನೆಯಲ್ಲಿ ಕೂತು ಮಾಡಿದ ಸಾಫ್ಟ್‌ವೇರ್ ಅಲ್ಲ. ತಯಾರಕರು ಪರೀಕ್ಷೆಗೆ ಅಂತ ಕ್ಯಾರಿಯರ್‌ಗೆ ಕೊಟ್ಟದ್ದು, ಇಲ್ಲವೇ ಸೋಕ್ ಟೆಸ್ಟ್ ಅಂತ ಕೆಲವೇ ಬಳಕೆದಾರರಿಗೆ ಮೊದಲು ಬಿಟ್ಟದ್ದು, ಅದರಲ್ಲಿ ಒಬ್ಬರು ಆಚೆ ಹಾಕಿರುತ್ತಾರೆ. ಬಹಳ ಸಲ ಅದಕ್ಕೆ ತಯಾರಕರ ಅಸಲಿ ಡಿಜಿಟಲ್ ಸಹಿಯೇ ಇರುತ್ತದೆ. ಅದಕ್ಕೇ ರೂಟ್ ಮಾಡದ (ತಯಾರಕರ ಬೀಗ ಮುರಿಯದ), ಏನೂ ಮುಟ್ಟದ ಫೋನಿನ ರಿಕವರಿ, ಅಂದರೆ ಅಪ್‌ಡೇಟ್ ಹಾಕುವ ಒಳಗಿನ ಪುಟ್ಟ ವ್ಯವಸ್ಥೆ, ಕೂಡ ಒಪ್ಪಿಕೊಳ್ಳುತ್ತದೆ. ನಡುವೆ ಯಾರಾದರೂ ಫೈಲ್ ತಿದ್ದಿದ್ದರೆ ಸಹಿ ಹೊಂದುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ. ಇದೊಂದು ಸಮಾಧಾನ. ಆದರೆ ಬೇರೆಯವರು ಮಾಡಿದ ಕಸ್ಟಮ್ ರಿಕವರಿ ಹಾಕಿ ಸಹಿ ನೋಡುವುದನ್ನೇ ಬಂದ್ ಮಾಡಿದವರಿಗೆ ಈ ಕಾವಲು ಇಲ್ಲ. ಜೊತೆಗೆ ಕಂಪ್ಯೂಟರಿನಲ್ಲಿ ಓಡಿಸಿ ಅಂತ ಕೊಡುವ "ಒಂದೇ ಕ್ಲಿಕ್" ಪ್ರೋಗ್ರಾಮ್‌ಗಳನ್ನಂತೂ ಮುಟ್ಟಲೇಬೇಡಿ.

ಶನಿವಾರ ರಾತ್ರಿ ಊಟ ಆದ ಮೇಲೆ ಲೀಕ್ ಹಾಕಲು ಕೂರುತ್ತೇನೆ. ಮೊದಲು ಹೆಂಡತಿಗೆ, ಯಾರಿಗಾದರೂ ಫೋನ್ ಮಾಡುವುದಿದ್ದರೆ ನಿನ್ನ ಫೋನಿಂದ ಮಾಡು ಅಂತ ಹೇಳಬೇಕು. ಫೋನ್ ಪೂರ್ತಿ ಚಾರ್ಜ್ ಆಗಿರಬೇಕು. ಲೀಕ್‌ನ ಜಿಪ್ ಫೈಲಿನ ಎಂಡಿ5 (ಫೈಲ್ ಕೆಟ್ಟಿಲ್ಲ ಅಂತ ತಿಳಿಯುವ ಗುರುತು) ತಾಳೆ ನೋಡಬೇಕು. 32 ಅಕ್ಷರ, ಅವಳು ಗಟ್ಟಿಯಾಗಿ ಓದುತ್ತಾಳೆ, ನಾನು ನನ್ನ ಪರದೆಯಲ್ಲಿ ಬೆರಳಿಟ್ಟುಕೊಂಡು ಹೋಗುತ್ತೇನೆ, ನಡುವೆ ಅವಳು ಬೇಕಂತಲೇ ಒಂದು ಅಕ್ಷರ ತಪ್ಪು ಓದಿ ನನ್ನ ಮುಖ ನೋಡುತ್ತಾಳೆ. ಆಮೇಲೆ ಎಸ್‌ಡಿ ಕಾರ್ಡಿನಲ್ಲಿ, ಯಾವ ಫೋಲ್ಡರಿನೊಳಗೂ ಅಲ್ಲ, ಹೊರಗೇ ಇಟ್ಟು, ಆಫ್ ಮಾಡಿ, ಪವರ್ ಮತ್ತು ವಾಲ್ಯೂಮ್ ಒಟ್ಟಿಗೆ ಒತ್ತಿದರೆ ಆಂಡ್ರಾಯ್ಡ್ ಗೊಂಬೆ ಪಕ್ಕದಲ್ಲಿ ಎಚ್ಚರಿಕೆಯ ತ್ರಿಕೋನ. ಮೆನು, ಜಿಪ್, ಹೌದು. ಪಟ್ಟಿ ನಿಧಾನ ತುಂಬುತ್ತದೆ. ಮೊದಲ ಸಲ ಆನ್ ಆಗುವಾಗ ಲೋಗೋದಲ್ಲೇ ಎಷ್ಟು ಹೊತ್ತು ಕೂರುತ್ತದೆ ಅಂದರೆ, ಹೋಯ್ತು ಫೋನು ಅಂತ ನಿಮಗೆ ಅನ್ನಿಸಿಯೇ ಅನ್ನಿಸುತ್ತದೆ. ಬ್ಯಾಟರಿ ಮಾತ್ರ ಕೀಳಬೇಡಿ.

ಸೋಮವಾರ ರಾವೇ ಬಂತು. ಲಿಂಡನ್ ಬಂತು. ಎಲಿಜಬೆತ್ ದಾಟಿತು. ಅಮ್ಮ ಪಕ್ಕದ ಮನೆಯವರ ಮಗಳ ನಿಶ್ಚಿತಾರ್ಥದ ಅಡುಗೆಯನ್ನು ಹೋಳಿಗೆಯಿಂದ ಶುರುಮಾಡಿ ತಾಂಬೂಲದವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಹೊಸ ಆಂಡ್ರಾಯ್ಡ್‌ನ ಬಣ್ಣ, ಅಕ್ಷರ, ನೋಟಿಫಿಕೇಶನ್ ಅಂಚಿಗೆ ತಳ್ಳುವುದು, ಅದೆಲ್ಲ ಇರಲಿ. ನನಗೆ ಇಷ್ಟವಾದದ್ದು ಏರ್‌ಪ್ಲೇನ್ ಮೋಡ್ ಮುಟ್ಟದೆ ನ್ಯೂವಾರ್ಕ್ ತಲುಪಿದ್ದು.

ಇಲ್ಲಿವರೆಗೆ ಓದಿ ಲೀಕ್ ಹುಡುಕಲು ಹೋಗಬೇಡಿ, ಇನ್ನೂ ಇದೆ. ಪರೀಕ್ಷೆಯ ಬಿಲ್ಡ್ ಅಂದಮೇಲೆ ಒಳಗೆ ಏನೇನೋ ದಾಖಲೆ ಬರೆಯುತ್ತಾ ಇರುತ್ತದೆ, ಬ್ಯಾಟರಿ ಸಂಜೆ ಐದಕ್ಕೇ ಕೆಂಪಗಾಗುತ್ತಿತ್ತು. ವಾಯ್ಸ್‌ಮೇಲ್ ಬಂದಿದೆ ಅನ್ನುವ ಗುರುತು ಕೇಳಿಸಿಕೊಂಡರೂ ಹೋಗುತ್ತಿರಲಿಲ್ಲ. ಕಾರಿನ ಬ್ಲೂಟೂತ್ ಕರೆ ನಡುವೆ ಮೂಕವಾಗುತ್ತಿತ್ತು. ಇವನ್ನೆಲ್ಲ ಸಹಿಸಿದೆ. ಸಹಿಸಲು ಆಗದೇ ಇದ್ದದ್ದು ಅಂಗಡಿಯಲ್ಲಿ ನಡೆದದ್ದು. ಚಾರ್ಜರ್ ಚುಚ್ಚುವ ಜಾಗ ಸಡಿಲವಾಗಿ ವಾರಂಟಿಗೆ ಅಂತ ತಗೊಂಡು ಹೋದರೆ, ಕೌಂಟರಿನ ಹುಡುಗ ಸೆಟ್ಟಿಂಗ್ಸ್ ತೆಗೆದು ವರ್ಶನ್ ನಂಬರ್ ನೋಡಿದ, ತನ್ನ ಪಟ್ಟಿ ನೋಡಿದ, ಇದು ನಮ್ಮ ಸಾಫ್ಟ್‌ವೇರ್ ಅಲ್ಲ ಅಂದ. ಸಡಿಲವಾದದ್ದು ತಗಡಿನ ತುಂಡು, ಅದಕ್ಕೂ ಸಾಫ್ಟ್‌ವೇರಿಗೂ ಏನು ಸಂಬಂಧ? ಮನೆಗೆ ಬಂದು, ಹಳೆಯ ಅಧಿಕೃತ ಬಿಲ್ಡ್ ಕಂಪ್ಯೂಟರಿಂದ ವಾಪಸ್ ಹಾಕಿ, ಮತ್ತೆ ಹೋದೆ. ಬದಲಿ ಫೋನ್ ಕೊಟ್ಟರು. ಹಳೇ ಜಿಂಜರ್‌ಬ್ರೆಡ್, ಹಳೇ ರೇಡಿಯೋ, ಮತ್ತೆ ಅಮ್ಮನ ಸುರಂಗ.

ವಾಪಸ್ ಹೋಗುವ ದಾರಿ ಎಲ್ಲ ಫೋನಿಗೂ ಇರುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಮೊಟೊರೊಲಾಗೆ ಆರ್‌ಎಸ್‌ಡಿ ಲೈಟ್, ಸ್ಯಾಮ್‌ಸಂಗ್‌ಗೆ ಓಡಿನ್, ಎಚ್‌ಟಿಸಿಗೆ ಆರ್‌ಯುಯು ಅಂತ, ಕಂಪ್ಯೂಟರಿಂದ ಹಳೆಯದನ್ನು ಹಾಕುವ ಪ್ರೋಗ್ರಾಮ್‌ಗಳು ಇವೆ. ಆದರೆ ಕೆಲವು ಲೀಕ್‌ಗಳು ಬೂಟ್‌ಲೋಡರನ್ನೂ (ಫೋನ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಮನ್ನೂ) ಮೇಲಕ್ಕೇರಿಸುತ್ತವೆ, ಆಮೇಲೆ ಅದು ಹಳೆಯದನ್ನು ಒಳಗೇ ಬಿಡುವುದಿಲ್ಲ. ಲೀಕ್ ಮೇಲೆ ಕೂತು ಅಧಿಕೃತ ಅಪ್‌ಡೇಟಿಗೆ ಕಾಯುವುದೂ ಕಷ್ಟವೇ. ಗಾಳಿಯಲ್ಲಿ ಬರುವ ಅಪ್‌ಡೇಟ್ ಸಾಮಾನ್ಯವಾಗಿ ಪೂರ್ತಿ ಸಿಸ್ಟಮ್ ಅಲ್ಲ, ಬರೀ ವ್ಯತ್ಯಾಸ. ಇಂಥ ಬಿಲ್ಡ್‌ನಿಂದ ಇಂಥದ್ದಕ್ಕೆ ಅಂತ ಮಾಡಿರುತ್ತಾರೆ, ತಿದ್ದುವ ಮುಂಚೆ ಹಳೆಯ ಫೈಲ್‌ಗಳನ್ನು ತಾಳೆ ನೋಡುತ್ತದೆ, ಒಂದು ಹೊಂದದಿದ್ದರೂ ನಿಲ್ಲಿಸುತ್ತದೆ.

ಅಧಿಕೃತ ಅಪ್‌ಡೇಟ್ ಚಳಿಗಾಲದ ಹೊತ್ತಿಗೆ ಬಂತು. ಬಂದ ಕೂಡಲೇ ನಾನು ನೋಡಿದ್ದು ಬೇಸ್‌ಬ್ಯಾಂಡ್ ನಂಬರ್, ಅಂದರೆ ರೇಡಿಯೋದ ಆವೃತ್ತಿ. ಹಿಂದಿನ ಬೇಸಿಗೆಯಲ್ಲಿ ಹಾಕಿದ್ದ ಲೀಕ್‌ನಲ್ಲಿ ಇದ್ದದ್ದೇ, ಒಂದು ಅಂಕಿಯೂ ಬದಲಿಲ್ಲ! ಅಂದರೆ ನನ್ನ ರೈಲಿನ ತೊಂದರೆಗೆ ಮದ್ದು ಅಷ್ಟು ತಿಂಗಳಿಂದ ತಯಾರಾಗಿ ಕೂತಿತ್ತು. ರೇಡಿಯೋ ಒಂದನ್ನೇ ಸಣ್ಣ ಅಪ್‌ಡೇಟಾಗಿ ಕೊಡಬಹುದಿತ್ತು, ಕೊಡಲಿಲ್ಲ. ಎಲ್ಲ ಒಟ್ಟಿಗೇ ಬರಲಿ ಅಂತ ಕಾದರು, ಜೊತೆಗೆ ಅಳಿಸಲಾಗದ ಎರಡು ಹೊಸ ಆಪ್‌ಗಳನ್ನೂ ತುರುಕಿದರು. ಪುಣ್ಯಕ್ಕೆ ಐಸ್ ಕ್ರೀಮ್ ಸ್ಯಾಂಡ್‌ವಿಚ್‌ನಲ್ಲಿ ಅಂಥವನ್ನು ನಿಷ್ಕ್ರಿಯ ಮಾಡಿ ಕಣ್ಣಿಗೆ ಬೀಳದ ಹಾಗೆ ಇಡಬಹುದು.

ಇಷ್ಟು ಬೈದ ಮೇಲೆ ಇದನ್ನೂ ಹೇಳಬೇಕು. ಅಧಿಕೃತ ಬಿಲ್ಡ್‌ನಲ್ಲಿ ಬ್ಯಾಟರಿ ಮಲಗುವವರೆಗೆ ಬರುತ್ತದೆ. ವಾಯ್ಸ್‌ಮೇಲ್ ಗುರುತು ಹೋಗುತ್ತದೆ. ಬ್ಲೂಟೂತ್ ಒಮ್ಮೆಯೂ ಕೈಕೊಟ್ಟಿಲ್ಲ. ಆ ತಿಂಗಳುಗಳಲ್ಲಿ ಯಾರೋ ಕೂತು ಕೆಲಸ ಮಾಡಿದ್ದಾರೆ, ನಿಜ. ಕ್ಯಾರಿಯರ್ ಪರೀಕ್ಷೆಯಲ್ಲಿ 911 (ತುರ್ತು ಸಹಾಯದ) ಕರೆಯೂ ಸೇರಿರುತ್ತದೆ, ಕರೆ ಮಾಡಿದವರು ಎಲ್ಲಿದ್ದಾರೆ ಅಂತ ತಿಳಿಸುವ ಹೊಣೆ ಇಲ್ಲಿನ ಕಾನೂನಿನಲ್ಲಿ ಕ್ಯಾರಿಯರ್ ಮೇಲೇ ಇದೆ. ಮಗು ಕೂರಿಸಿಕೊಂಡು ಕಾರು ಓಡಿಸುವ ಹೆಂಡತಿಯ ಫೋನಿಗೆ ನಾನು ಲೀಕ್ ಹಾಕಿಲ್ಲ, ಹಾಕುವುದೂ ಇಲ್ಲ. ನನ್ನ ಸಿಟ್ಟು ತಡದ ಮೇಲಲ್ಲ, ಮೌನದ ಮೇಲೆ. ಕಸ್ಟಮರ್ ಕೇರ್‌ಗೆ ಯಾವಾಗ ಕೇಳಿದರೂ "ಶೀಘ್ರದಲ್ಲಿ". ರಾವೇ ಬಳಿ ಫೋನ್ ಯಾಕೆ ನಿಲ್ಲುತ್ತದೆ, ಅದಕ್ಕೆ ಪರಿಹಾರ ಪರೀಕ್ಷೆಯಲ್ಲಿದೆ ಅಂತ ಒಂದು ಸಾಲು ಹೇಳಿದ್ದರೆ ನಾನು ಕಾಯುತ್ತಿದ್ದೆನೋ ಏನೋ.

ಲೀಕ್‌ಗೆ ಐದರಲ್ಲಿ ಮೂರು, ಅದೂ ಎರಡನೇ ಫೋನ್ ಮನೆಯಲ್ಲಿ ಇದ್ದವರಿಗೆ. ಅಧಿಕೃತಕ್ಕೆ ಮೂರೂವರೆ.

ಮುಂದಿನ ಫೋನ್ ಕರಾರಿನ ಮೇಲೆ ಬೇಡ ಅಂತ ಮನಸ್ಸು ಮಾಡಿದ್ದೇನೆ. ಗೂಗಲ್ ನೇರವಾಗಿ ಮಾರುವ ನೆಕ್ಸಸ್ 4 ನೋಡುತ್ತಿದ್ದೇನೆ, 2013ರ ಈ ಹೊತ್ತಿಗೆ 8 ಜಿಬಿಯದ್ದು 299 ಡಾಲರ್, ಅಪ್‌ಡೇಟ್ ಗೂಗಲ್‌ನಿಂದಲೇ. ಇನ್ನೊಂದು ಕ್ಯಾರಿಯರ್ ಟಿ-ಮೊಬೈಲ್‌ನಲ್ಲಿ ಈ ವರ್ಷ ಇರುವ ತಿಂಗಳಿಗೆ 30 ಡಾಲರಿನ ಪ್ರೀಪೇಯ್ಡ್ ಹಾಕಿದರೆ ಈಗಿನ ಬಿಲ್ಲಿನ ಅರ್ಧಕ್ಕಿಂತ ಕಮ್ಮಿ, ಮಾತಿಗೆ ನೂರೇ ನಿಮಿಷ ಇದ್ದರೂ ನನ್ನ ಮಾತೆಲ್ಲ ಸ್ಕೈಪ್‌ನಲ್ಲೇ. ತೊಡಕು ಒಂದೇ, ಆ ಫೋನಿನಲ್ಲಿ ಎಲ್‌ಟಿಇ ಇಲ್ಲ. ಹಳೇ ಫೋನ್ ತಮ್ಮನಿಗೆ ಕೊಡೋಣ ಅಂದರೆ ಕ್ಯಾರಿಯರ್ ಫೋನ್ ನನಗೆ ಬೇಡ ಅಂತಾನೆ. ಮುಂದಿನ ವಾರ ಆಫೀಸಿನ ಗೆಳೆಯರ ಟಿ-ಮೊಬೈಲ್ ಫೋನ್ ಒಂದು ದಿನಕ್ಕೆ ಕೇಳಿ ಇಟ್ಟುಕೊಂಡು, ಬೆಳಗಿನ ರೈಲಿನಲ್ಲಿ ಅಮ್ಮನಿಗೆ ಅದರಿಂದಲೇ ಮಾಡಿ ನೋಡಿ, ಆಮೇಲೆ ದುಡ್ಡು ಬಿಚ್ಚುತ್ತೇನೆ.