ನಾಲ್ಕು ಇಂಚಿನಿಂದ ನಾಲ್ಕೂವರೆ ಇಂಚಿಗೆ: ಉದ್ಯಮಬಾಗದಲ್ಲಿ ಮಾಡಿಸಿದ ಒಂದು ಬ್ರೇಕ್ ಕೆಲಸ

ನಮ್ಮ ಮನೆಯ 1968ರ ಪ್ಲೈಮೌತ್ ವ್ಯಾಲಿಯಂಟ್ ಕಾರಿನ ಮುಂದಿನ ಡಿಸ್ಕ್ ಬ್ರೇಕುಗಳನ್ನು ದೊಡ್ಡ ಬೋಲ್ಟ್ ವೃತ್ತಕ್ಕೆ (ಚಕ್ರವನ್ನು ಬಿಗಿಯುವ ಸ್ಟಡ್ಡುಗಳು, ಅಂದರೆ ಎಳೆಯಿರುವ ಗೂಟಗಳು, ಕೂರುವ ವೃತ್ತ) ಬದಲಾಯಿಸಿ ಏಳು ತಿಂಗಳಾಯಿತು. ಯಂತ್ರದ ಕೆಲಸವೆಲ್ಲ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಂದು ಸಣ್ಣ ಕಾರ್ಯಾಗಾರದಲ್ಲಿ ನಡೆಯಿತು. ಹೈಡ್ರಾಲಿಕ್ ಸಿಲಿಂಡರುಗಳ ಬಿಡಿಭಾಗಗಳನ್ನು ಮಾಡಿಕೊಡುವುದೇ ಅವರ ನಿತ್ಯದ ವ್ಯವಹಾರ. ಹಳೆಯ ಕಾರುಗಳವರು ಬಾಗಿಲಲ್ಲಿ ಸಾಲುಗಟ್ಟಿದರೆ ತಮ್ಮ ಕೆಲಸ ನಿಂತೀತು ಎಂದು ಮಾಲೀಕರು ಹೆಸರು ಬರೆಯದಿರಲು ಕೇಳಿಕೊಂಡಿದ್ದಾರೆ. ಆದ್ದರಿಂದ ಹೆಸರನ್ನು ಬಿಟ್ಟು, ಅವರು ಮಾಡಿದ್ದನ್ನೂ ಮಾಡಲು ಒಪ್ಪದೆ ಹೋದದ್ದನ್ನೂ ಬರೆಯುತ್ತೇನೆ. ಒಪ್ಪದೆ ಹೋದ ಸಂಗತಿಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಈ ಬದಲಾವಣೆ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಕ್ರೈಸ್ಲರ್ ಕಂಪನಿಯ ಸಣ್ಣ ಕಾರುಗಳಾದ ವ್ಯಾಲಿಯಂಟ್ ಮತ್ತು ಡಾಡ್ಜ್ ಡಾರ್ಟ್‌ಗಳಲ್ಲಿ 1972ರವರೆಗೆ (ಬ್ಯಾರಕೂಡಾದಲ್ಲಿ 1969ರವರೆಗೆ) ಚಕ್ರದ ಐದು ಸ್ಟಡ್‌ಗಳು 4 ಇಂಚಿನ, ಅಂದರೆ 101.6 ಮಿ.ಮೀ. ವ್ಯಾಸದ ವೃತ್ತದ ಮೇಲೆ ಕೂರುತ್ತಿದ್ದವು. 1973ರಿಂದ ಡಿಸ್ಕ್ ಬ್ರೇಕ್ ಇರುವ ಕಾರುಗಳಿಗೆ 4.5 ಇಂಚಿನ, ಅಂದರೆ 114.3 ಮಿ.ಮೀ. ವೃತ್ತ ಬಂತು. ಮೊದಲನೆಯ ಅಳತೆಯ ಚಕ್ರ ನಮ್ಮ ಕಡೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಎರಡನೆಯದು ಇಂದಿನ ಇನ್ನೋವಾ, ಕ್ರೆಟಾ ಕಾರುಗಳ ಅಳತೆಯೇ ಆಗಿದೆ. ನಮ್ಮ ಕಾರಿನ ಐದು ಚಕ್ರಗಳಲ್ಲಿ ಎರಡರ ರಿಮ್ಮು ತುಕ್ಕು ಹಿಡಿದು ತೆಳುವಾಗಿತ್ತು. ಅದರ ಜೊತೆಗೆ, ಆ ಕಾಲದ ಕೆಲ್ಸಿ-ಹೇಸ್ ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರುಗಳಲ್ಲಿ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗಗಳಲ್ಲಿ) ಎಡಗಡೆಯ ಎರಡು ಪಿಸ್ಟನ್‌ಗಳು ಬಿಗಿದುಕೊಂಡಿದ್ದವು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಬೋರಿನ ಒಳಗೋಡೆಯಲ್ಲಿ ತುಕ್ಕಿನ ಗುಳಿಗಳು ಬೀಳುತ್ತವೆ, ಬೆಳಗಾವಿಯ ಮಳೆಗಾಲದಲ್ಲಿ ಶೆಡ್ಡಿನೊಳಗೆ ನಿಂತ ಕಾರಿಗಂತೂ ಇದು ತಪ್ಪಿದ್ದಲ್ಲ. ಹಾಗೆಂದು ಹಳೆಯ ನಾಲ್ಕು ಪಿಸ್ಟನ್‌ಗಳ ಬ್ರೇಕು ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಚೆನ್ನಾಗಿರುವಾಗ ಅದು ಬಹಳ ಒಳ್ಳೆಯ ಬ್ರೇಕೇ ಆಗಿತ್ತು. ಚಕ್ರ ಮತ್ತು ಬಿಡಿಭಾಗ ಸಿಗುವ ದಾರಿಯೊಂದು ಬೇಕು ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು, ಕಾರು ಇನ್ನಷ್ಟು ಬೇಗ ನಿಲ್ಲಬೇಕೆಂಬ ಆಸೆಯಲ್ಲ.

ಇರುವ ಹಬ್ಬಿನಲ್ಲೇ, ಅಂದರೆ ಚಕ್ರವನ್ನು ಬಿಗಿಯುವ ನಡುಭಾಗದಲ್ಲೇ, ಹೊಸದಾಗಿ ಐದು ರಂಧ್ರ ಕೊರೆಸಿದರೆ ಸಾಕೆಂದುಕೊಂಡು ನಾನು ಮೊದಲ ದಿನ ಕಾರ್ಯಾಗಾರಕ್ಕೆ ಹೋಗಿದ್ದೆ. ಅದಕ್ಕೂ ಮೊದಲು ನಗರದ ಇನ್ನೊಂದು ಗ್ಯಾರೇಜಿನವರು ಅರ್ಧ ದಿನದಲ್ಲಿ ಮುಗಿಸಿಕೊಡುವುದಾಗಿ ಹೇಳಿದ್ದರು. ಉದ್ಯಮಬಾಗದ ಮಾಲೀಕರು ಹಬ್ಬನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು ಹೈಟ್ ಗೇಜಿನಿಂದ ಅಳೆದು, ಕಾಗದದ ಮೇಲೆ ವೃತ್ತ ಬರೆದು ತೋರಿಸಿದರು. ವ್ಯಾಸ ಅರ್ಧ ಇಂಚು ಹೆಚ್ಚಿದರೆ ಪ್ರತಿ ಸ್ಟಡ್ಡೂ ಕೇಂದ್ರದಿಂದ 6.35 ಮಿ.ಮೀ. ಹೊರಗೆ ಸರಿಯುತ್ತದೆ. ಹಾಗೆ ಸರಿದ ರಂಧ್ರದ ಹೊರ ಅಂಚಿಗೂ ನಮ್ಮ ಹಬ್ಬಿನ ಫ್ಲಾಂಜಿನ (ಸ್ಟಡ್ಡುಗಳು ಕೂರುವ ತಟ್ಟೆಯ) ಅಂಚಿಗೂ ನಡುವೆ ಉಳಿಯುತ್ತಿದ್ದ ಲೋಹ ಸ್ಟಡ್ಡಿನ ಅರ್ಧ ವ್ಯಾಸದಷ್ಟೂ ಇರಲಿಲ್ಲ. ಬ್ರೇಕು ಒತ್ತಿದಾಗ ಕಾರಿನ ಮುಂಭಾಗದ ಭಾರವೆಲ್ಲ ಹಾದು ಹೋಗುವ ಜಾಗದಲ್ಲಿ ಇಷ್ಟು ತೆಳುವಾದ ಅಂಚನ್ನು ತಾವು ಬಿಡುವುದಿಲ್ಲವೆಂದೂ, ಬೇಕಾದರೆ ಬೇರೆಯವರಲ್ಲಿ ಮಾಡಿಸಿಕೊಳ್ಳಬಹುದೆಂದೂ ಅವರು ಸ್ಪಷ್ಟವಾಗಿ ಹೇಳಿದರು. ಬಂದ ಕೆಲಸವನ್ನು ಹೀಗೆ ಕಾರಣ ಕೊಟ್ಟು ಹಿಂದಿರುಗಿಸುವವರನ್ನು ನಾನು ಹಳೆಯ ಕಾರುಗಳ ಲೋಕದಲ್ಲಿ ಹೆಚ್ಚು ಕಂಡಿಲ್ಲ. ಉಳಿದ ಕೆಲಸವನ್ನು ಇವರಿಗೇ ಒಪ್ಪಿಸಬೇಕೆಂದು ಆ ಮಧ್ಯಾಹ್ನವೇ ನಿರ್ಧರಿಸಿದೆ.

ಹಳೆಯ ಸ್ಟಡ್ಡುಗಳಿಗೆ ಬಿಗಿದು ಹೊರಗೆ ಹೊಸ ಸ್ಟಡ್ಡುಗಳನ್ನು ಕೊಡುವ ಅಡಾಪ್ಟರ್ ತಟ್ಟೆಗಳ ಬಗ್ಗೆಯೂ ಕೇಳಿದೆ. ಅವು ಚಕ್ರವನ್ನು ಹೊರಕ್ಕೆ ತಳ್ಳಿ ಬೇರಿಂಗುಗಳ ಮೇಲಿನ ಹೊರೆಯನ್ನು ಹೆಚ್ಚಿಸುತ್ತವೆ, ಭಾರ ಹೊರುವುದು ಕೊನೆಗೂ ಒಳಗಿನ ಹಳೆಯ ಸಣ್ಣ ಸ್ಟಡ್ಡುಗಳೇ. ಆ ಮಾತು ಅಲ್ಲಿಗೇ ಮುಗಿಯಿತು.

ಹೀಗಾಗಿ ಮುಂದಿನ ಭಾಗಕ್ಕೆ ಅಮೆರಿಕದಿಂದ 1973ರ ನಂತರದ ಮಾದರಿಯ ಪೂರ್ಣ ಕಿಟ್ ತರಿಸಿದೆ: ನಕಲ್‌ಗಳು (ಚಕ್ರವನ್ನು ಹೊತ್ತು ಸ್ಟೀರಿಂಗಿನೊಂದಿಗೆ ತಿರುಗುವ ಭಾಗಗಳು), ಹಬ್ಬಿನೊಂದಿಗೆ ಒಂದೇ ಎರಕವಾಗಿರುವ ರೋಟರುಗಳು (ಬ್ರೇಕಿನ ಡಿಸ್ಕುಗಳು), ಒಂದೇ ಪಿಸ್ಟನ್ನಿನ ಜಾರುವ ಕ್ಯಾಲಿಪರುಗಳು, ಬೇರಿಂಗುಗಳು ಮತ್ತು ರಬ್ಬರ್ ಹೋಸುಗಳು. ಈ ಕಿಟ್ ಕೊಳ್ಳುವವರು ತಿಳಿದಿರಬೇಕಾದ ಮಾತೊಂದಿದೆ. 1973ರ ನಕಲ್‌ಗೆ ಮೇಲಿನ ಬಾಲ್ ಜಾಯಿಂಟ್ ದೊಡ್ಡದು, ಹಳೆಯ ಮೇಲಿನ ಕಂಟ್ರೋಲ್ ಆರ್ಮ್‌ಗೆ ಅದು ಹೊಂದುವುದಿಲ್ಲ. ಆದ್ದರಿಂದ ಆ ಕಾಲದ ಆರ್ಮ್‌ಗಳನ್ನೂ ಜೊತೆಗೇ ತರಿಸಬೇಕು. ನಾನು ತರಿಸಿದ್ದೆ. ಆದರೂ ಪೆಟ್ಟಿಗೆ ತೆರೆದಾಗ ಎರಡೂ ಕ್ಯಾಲಿಪರುಗಳು ಎಡಗಡೆಯವೇ ಆಗಿದ್ದವು. ನೋಡಲು ಒಂದೇ ತೆರನಾಗಿರುವುದರಿಂದ ಹೇಗಾದರೂ ಕೂರಿಸಿಬಿಡಬಹುದೆಂದು ತೋರುತ್ತದೆ. ಆದರೆ ಹಾಗೆ ಕೂರಿಸಿದರೆ ಗಾಳಿ ತೆಗೆಯುವ ಬ್ಲೀಡರ್ ತಿರುಪು ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ, ಪೆಡಲು ಎಷ್ಟು ತುಳಿದರೂ ಮೆತ್ತಗೇ ಇರುತ್ತದೆ. ಮಾರಾಟಗಾರರು ತಪ್ಪೊಪ್ಪಿಕೊಂಡು ಬದಲಿ ಕಳುಹಿಸಿದರು; ಅದು ಬರಲು ಮೂರು ವಾರ ಹಿಡಿಯಿತು.

ಮುಂದೆ ಬದಲಾಯಿಸಿ ಹಿಂದೆ ಹಾಗೆಯೇ ಬಿಟ್ಟರೆ ಒಂದು ಸ್ಟೆಪ್ನಿ ನಾಲ್ಕು ಚಕ್ರಗಳಿಗೂ ಆಗುವುದಿಲ್ಲ. ಚೋರ್ಲಾ ಘಾಟಿನ ನಡುವೆ ಹಿಂದಿನ ಟೈರು ಪಂಕ್ಚರ್ ಆದಾಗ ಡಿಕ್ಕಿಯಲ್ಲಿರುವ ಚಕ್ರ ಕೂರದಿದ್ದರೆ ಏನು ಗತಿ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಹಿಂದಿನ ಆಕ್ಸಲ್ ಶಾಫ್ಟುಗಳ ಫ್ಲಾಂಜು ಅಗಲವಾಗಿದ್ದುದರಿಂದ ಅಲ್ಲಿ ಕೊರೆಯಲು ಅವರು ಒಪ್ಪಿದರು, ಮತ್ತು ಅವರ ನಿಜವಾದ ಕೈಚಳಕ ಕಂಡದ್ದು ಇಲ್ಲಿಯೇ. ಶಾಫ್ಟನ್ನು ಕೇಂದ್ರಗಳ ನಡುವೆ ಹಿಡಿದು, ಡಯಲ್ ಗೇಜಿನಿಂದ ಫ್ಲಾಂಜು ನೇರವಾಗಿದೆಯೇ ಎಂದು ನೋಡಿದ ಮೇಲೆಯೇ ಕೋನ ಅಳೆದು ತಿರುಗಿಸುವ ಇಂಡೆಕ್ಸಿಂಗ್ ತಲೆಗೆ ಏರಿಸಿದರು. ಹಳೆಯ ರಂಧ್ರಗಳ ನಟ್ಟನಡುವೆ ಹೊಸವು ಬರಬೇಕಾದರೆ 36 ಡಿಗ್ರಿ ತಿರುಗಿಸಬೇಕು. ಆದರೆ ಫ್ಲಾಂಜಿನಲ್ಲಿ ಮೊದಲೇ ಇದ್ದ ದೊಡ್ಡ ರಂಧ್ರವೊಂದಕ್ಕೆ ತಾಗದಂತೆ ಅವರು 30 ಡಿಗ್ರಿಯನ್ನು ಆರಿಸಿಕೊಂಡರು. ಹಾಗೆ ಮಾಡಿದಾಗಲೂ ಹತ್ತಿರದ ಹಳೆಯ ರಂಧ್ರದ ಕೇಂದ್ರದಿಂದ ಹೊಸದರ ಕೇಂದ್ರಕ್ಕೆ 28 ಮಿ.ಮೀ.ಗಿಂತ ಹೆಚ್ಚು ಅಂತರ ಉಳಿಯುತ್ತದೆ. ರಂಧ್ರಗಳನ್ನು ಮೊದಲು ಸಣ್ಣದಾಗಿ ಕೊರೆದು, ಬಳಿಕ ರೀಮರಿನಿಂದ ಅಳತೆಗೆ ತಂದು, ಅರ್ಧ ಇಂಚು ದಪ್ಪದ, ಇಂಚಿಗೆ 20 ಎಳೆಗಳ ಸ್ಟಡ್ಡುಗಳನ್ನು ಪ್ರೆಸ್ಸಿನಿಂದ ಕೂರಿಸಿದರು, ಸುತ್ತಿಗೆಯನ್ನು ಮುಟ್ಟಲಿಲ್ಲ. ಡ್ರಮ್ಮುಗಳಿಗೂ ಅದೇ ಕ್ರಮವನ್ನು ಅನುಸರಿಸಿದರು.

ಇಂತಹ ಕೆಲಸವನ್ನು ಬೇರೆ ಕಡೆ ಮಾಡಿಸುವವರು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದಾದ ಲೆಕ್ಕವೊಂದನ್ನು ಅಲ್ಲಿಯ ಹಿರಿಯ ಟರ್ನರ್ ನನಗೆ ಕಲಿಸಿದರು. ಐದು ಸ್ಟಡ್ಡುಗಳಿರುವಾಗ ಒಂದರ ಎದುರಿಗೆ ಇನ್ನೊಂದು ಇರುವುದಿಲ್ಲವಾದ್ದರಿಂದ ವ್ಯಾಸವನ್ನು ನೇರವಾಗಿ ಅಳೆಯಲಾಗದು. ಪಕ್ಕಪಕ್ಕದ ಎರಡು ಸ್ಟಡ್ಡುಗಳ ಕೇಂದ್ರಗಳ ಅಂತರವನ್ನು 1.701ರಿಂದ ಗುಣಿಸಿದರೆ ವೃತ್ತದ ವ್ಯಾಸ ಬರುತ್ತದೆ. ದೊಡ್ಡ ವೃತ್ತದಲ್ಲಿ ಈ ಅಂತರ 67.2 ಮಿ.ಮೀ., ಸಣ್ಣದರಲ್ಲಿ 59.7 ಮಿ.ಮೀ. ಇರಬೇಕು. ನಮ್ಮ ಎರಡೂ ಶಾಫ್ಟುಗಳಲ್ಲಿ ಐದೈದು ಅಂತರಗಳನ್ನೂ ನಾನೇ ವರ್ನಿಯರಿನಿಂದ ಅಳೆದೆ. ಒಂದಕ್ಕೂ ಇನ್ನೊಂದಕ್ಕೂ ನನ್ನ ವರ್ನಿಯರಿಗೆ ಕಾಣುವಂತಹ ವ್ಯತ್ಯಾಸ ಇರಲಿಲ್ಲ.

ಚಕ್ರಗಳ ವಿಷಯದಲ್ಲಿ ನನ್ನ ಒಂದು ಲೆಕ್ಕ ತಪ್ಪಿತು. ಬೋಲ್ಟ್ ವೃತ್ತ ಒಂದೇ ಆದ ಮೇಲೆ ಇನ್ನೋವಾದ ಚಕ್ರ ನೇರವಾಗಿ ಕೂರುತ್ತದೆ ಎಂದು ನಂಬಿದ್ದೆ. ಆದರೆ ಇಂದಿನ ಚಕ್ರಗಳ ಆಫ್‌ಸೆಟ್, ಅಂದರೆ ಚಕ್ರದ ಅಗಲದ ನಡುಗೆರೆಯಿಂದ ಬಿಗಿಯುವ ಮೈ ಹೊರಗಿರುವ ಅಂತರ, ಹೆಚ್ಚು. ಪರೀಕ್ಷೆಗೆಂದು ಹಾಕಿದಾಗ ಚಕ್ರ ಹಳೆಯದಕ್ಕಿಂತ ಸುಮಾರು ಮೂರು ಸೆಂಟಿಮೀಟರ್ ಒಳಗೆ ಸರಿದು ಮೇಲಿನ ಬಾಲ್ ಜಾಯಿಂಟಿನ ಹತ್ತಿರ ಉಜ್ಜಿತು. ಕೊನೆಗೆ 15 ಇಂಚಿನ ವ್ಯಾಸ, 6 ಇಂಚಿನ ಅಗಲದ ಸರಿಯಾದ ಆಫ್‌ಸೆಟ್‌ನ ಉಕ್ಕಿನ ಚಕ್ರಗಳನ್ನೇ ತರಿಸಬೇಕಾಯಿತು. ಟೈರು ಮಾತ್ರ ಹಳೆಯ ಇನ್ನೋವಾದ 205/65 ಆರ್ 15 ಅಳತೆಯದೇ. ಅದು ಇಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಹೊರವ್ಯಾಸವೂ ಹಳೆಯ ಟೈರಿಗೆ ಬಹಳ ಹತ್ತಿರ. ನಟ್ಟಿನ ಕೂರುವಿಕೆಯನ್ನೂ ನೋಡಿಕೊಳ್ಳಬೇಕು: ಉದಾಹರಣೆಗೆ, ಹೋಂಡಾದ ನಟ್ಟು ಗೋಲಾಕಾರದ ತಳದ್ದು, ಈ ಚಕ್ರಗಳಿಗೆ ಬೇಕಾದದ್ದು ಶಂಕುವಿನಾಕಾರದ್ದು. ಎಳೆ ಹೊಂದಿದರೂ ತಳ ಹೊಂದದ ನಟ್ಟು ಓಡುತ್ತ ಓಡುತ್ತ ಸಡಿಲವಾಗುತ್ತದೆ.

ಕಾರ್ಯಾಗಾರದ ಕೊರತೆಗಳನ್ನೂ ಹೇಳಲೇಬೇಕು. ಹತ್ತು ದಿನದ ಮಾತು ಐದು ವಾರಕ್ಕೆ ಹೋಯಿತು. ಕ್ಯಾಲಿಪರಿನ ತಪ್ಪಿಗೆ ಹೋದ ಮೂರು ವಾರಗಳನ್ನು ಕಳೆದರೂ ಉಳಿದ ವಿಳಂಬ ಅವರದೇ, ಏಕೆಂದರೆ ಕಾರ್ಖಾನೆಗಳ ಆರ್ಡರ್ ಬಂದಾಗಲೆಲ್ಲ ನಮ್ಮ ಶಾಫ್ಟುಗಳು ಮೂಲೆ ಸೇರುತ್ತಿದ್ದವು. ಎಡಗಡೆಯ ಚಕ್ರ ಬಿಚ್ಚುವಾಗ ಅವರ ಸಹಾಯಕ ಒಂದು ಸ್ಟಡ್ಡನ್ನು ಮುರಿದ. ಆ ವರ್ಷಗಳ ಕ್ರೈಸ್ಲರ್ ಕಾರುಗಳ ಎಡ ಚಕ್ರಗಳಲ್ಲಿ ಎಳೆಗಳು ಎಡಮುಖವಾಗಿರುತ್ತವೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ನಾನು ಮುಂಚಿತವಾಗಿ ಎಚ್ಚರಿಸಬೇಕಿತ್ತು, ಎಚ್ಚರಿಸಲಿಲ್ಲ. ಹೊಸ ಸ್ಟಡ್ಡುಗಳು ನಾಲ್ಕೂ ಕಡೆ ಬಲಮುಖದವಾದ್ದರಿಂದ ಇನ್ನು ಆ ಗೊಂದಲವಿಲ್ಲ. ಯಂತ್ರದ ಕೆಲಸಕ್ಕೆ ಅವರು ತೆಗೆದುಕೊಂಡದ್ದು 14,500 ರೂಪಾಯಿ. ಮಾಡಿದ ಅಳತೆಯ ಶ್ರಮಕ್ಕೆ ಅದು ಕಡಿಮೆಯೆಂದೇ ನನ್ನ ಭಾವನೆ. ದುಬಾರಿಯಾದದ್ದು ಕಿಟ್ಟು ಮತ್ತು ಚಕ್ರಗಳು: ಸಾಗಣೆ ಮತ್ತು ಸುಂಕ ಸೇರಿದಾಗ ಮೂಲ ಬೆಲೆ ಬಹುತೇಕ ಇಮ್ಮಡಿಯಾಯಿತು.

ಜೋಡಣೆಯನ್ನು ನಮ್ಮ ಹಳೆಯ ಮಿಸ್ತ್ರಿ ಮನೆಯ ಶೆಡ್ಡಿನಲ್ಲೇ ಮಾಡಿದರು. ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್‌ಗಳನ್ನು ಸಡಿಲಿಸಿ ಆರ್ಮ್‌ಗಳನ್ನು ಬದಲಿಸಲು ಎರಡು ದಿನ ಬೇಕಾಯಿತು. ರೋಟರಿನ ಓಲಾಟವನ್ನು ಅಳೆಯಲು ಕಾರ್ಯಾಗಾರದ ಮಾಲೀಕರು ಒಂದು ಭಾನುವಾರ ಸ್ವತಃ ಡಯಲ್ ಗೇಜ್ ಹಿಡಿದು ಬಂದರು, ಅದಕ್ಕೆ ಹಣ ಕೇಳಲಿಲ್ಲ. ಎಡಕ್ಕೆ 0.04, ಬಲಕ್ಕೆ 0.06 ಮಿ.ಮೀ. ಬಂತು. ಇದು 0.1 ಮಿ.ಮೀ. ದಾಟಿದರೆ ಪೆಡಲು ಕಾಲಿನಡಿ ಮಿಡಿಯತೊಡಗುತ್ತದೆ. ಕಾರಿನಲ್ಲಿ ಮೊದಲೇ ಡಿಸ್ಕ್ ಇದ್ದುದರಿಂದ ಮಾಸ್ಟರ್ ಸಿಲಿಂಡರನ್ನು ಬದಲಿಸಲಿಲ್ಲ. ಮುಂದೆಯೂ ಡ್ರಮ್ ಇರುವ ಕಾರಿನವರಾದರೆ ಆ ಖರ್ಚನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ಡ್ರಮ್ಮಿನ ಮಾಸ್ಟರ್ ಸಿಲಿಂಡರು ಪೈಪಿನಲ್ಲಿ ಉಳಿಸುವ ಅಲ್ಪ ಒತ್ತಡ ಡಿಸ್ಕಿನ ಪ್ಯಾಡುಗಳನ್ನು ಬಿಡದೆ ಉಜ್ಜಿಸುತ್ತದೆ.

50 ವರ್ಷ ದಾಟಿದ ಕಾರನ್ನು 2021ರ ನಿಯಮಗಳಂತೆ ವಿಂಟೇಜ್ ವಾಹನವಾಗಿ ನೋಂದಾಯಿಸುವ ಯೋಚನೆ ಇರುವವರು ಮೂಲ ರೂಪದ ಪ್ರಶ್ನೆಯನ್ನು ಮೊದಲೇ ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ನಾನಂತೂ ಹಳೆಯ ನಕಲ್, ಹಬ್ಬು, ಕ್ಯಾಲಿಪರುಗಳನ್ನು ಗ್ರೀಸ್ ಸವರಿ, ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಪ್ಯಾಡುಗಳನ್ನು ಪಳಗಿಸಲು ಖಾನಾಪುರ ರಸ್ತೆಯಲ್ಲಿ ಬೆಳಗಿನ ಜಾವ ಅರವತ್ತರ ವೇಗದಿಂದ ಹತ್ತಕ್ಕೆ ಇಳಿಸುವುದನ್ನು, ನಡುನಡುವೆ ತಣಿಯಲು ಬಿಟ್ಟು, ಹತ್ತು ಬಾರಿ ಮಾಡಿದೆವು. ನೂರು ಕಿಲೋಮೀಟರಿನ ಬಳಿಕ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ಬಿಗಿದಾಗ ಹಿಂದಿನ ಬಲ ಚಕ್ರದ ಎರಡು ನಟ್ಟುಗಳು ಸ್ವಲ್ಪ ತಿರುಗಿದವು. ಆಮೇಲೆ ಯಾವುದೂ ಅಲುಗಿಲ್ಲ. ಕಳೆದ ಜುಲೈಯಲ್ಲಿ ವಂಟಮೂರಿ ಘಾಟನ್ನು ಸುರಿಯುವ ಮಳೆಯಲ್ಲಿ ಇಳಿಯುವಾಗ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಒಮ್ಮೆಲೇ ನಿಂತಿತು. ಕಾರು ಎಡಕ್ಕೂ ಬಲಕ್ಕೂ ಎಳೆಯದೆ ನೇರವಾಗಿ ನಿಂತಿತು. ಹಳೆಯ ಬಿಗಿದ ಕ್ಯಾಲಿಪರ್ ಇದ್ದಾಗ ಅದೇ ಕಾರು ಬಲಕ್ಕೆ ವಾಲುತ್ತಿತ್ತು. ಈಗ ಉಳಿದಿರುವುದು ಬಲಗಡೆಯ ಪ್ಯಾಡಿನ ಒಂದು ಸಣ್ಣ ಕೀರಲು ಸದ್ದು. ಅದು ತಣ್ಣಗಿರುವಾಗ ಮಾತ್ರ ಬರುತ್ತದೆ, ಎರಡು ಬಾರಿ ಬ್ರೇಕು ಒತ್ತಿದರೆ ನಿಲ್ಲುತ್ತದೆ. ಕ್ಯಾಲಿಪರ್ ಜಾರುವ ಅಂಚುಗಳಿಗೆ ಗ್ರೀಸ್ ಹಚ್ಚಿ ನೋಡಲು ದೀಪಾವಳಿಯ ರಜೆಯಲ್ಲಿ ಅದನ್ನು ಮತ್ತೆ ಬಿಚ್ಚಲಿದ್ದೇವೆ.