ರೀಲೋಡ್ ಮಾಡುವ ಗಿಫ್ಟ್ ಕಾರ್ಡ್: ಕೆಲವು ವರ್ಷ ಬಳಸಿದವನ ಅಭಿಪ್ರಾಯ

ಐದರಲ್ಲಿ ಎರಡು ಸ್ಟಾರ್. ಎರಡೂ ಬಿಲ್ಲಿಂಗ್ ವೇಗಕ್ಕೆ. ಫೋನ್ ತೋರಿಸಿದರೆ ಸಾಕು, ದುಡ್ಡು ಕಟ್ಟಿದಂತೆಯೇ. ಇಷ್ಟು ವರ್ಷದಲ್ಲಿ ಸ್ಕ್ಯಾನ್ ಕೈಕೊಟ್ಟಿದ್ದೇ ಇಲ್ಲ. ಉಡುಗೊರೆಯಾಗಿ ಬಂದ, ಒಂದೇ ಕಂಪನಿಯ ಅಂಗಡಿಯಲ್ಲಿ ಬಳಸುವ ಕಾರ್ಡ್ ಇದು. ಅದರಲ್ಲಿದ್ದ ಹಣ ಮುಗಿಯುವವರೆಗೂ ಯಾವ ತಕರಾರೂ ಇರಲಿಲ್ಲ. ಗೋಳು ಶುರುವಾಗುವುದು ರೀಲೋಡ್‌ನಿಂದ, ಅಂದರೆ ಕಾರ್ಡ್‌ಗೆ ಮತ್ತೆ ಹಣ ತುಂಬುವುದರಿಂದ.

ಕಾರ್ಡ್‌ನಲ್ಲಿ 40 ಉಳಿದಿದೆ, ಬಿಲ್ 55 ಆಗಿದೆ ಅಂದುಕೊಳ್ಳಿ. ಬೇಕಾಗಿರುವುದು ಬರೀ 15. ಹಣ ತುಂಬಲು ಅವರ ಆ್ಯಪ್ ತೆರೆದರೆ 100, 200, 500 ಅಂತ ಮೂರು ದೊಡ್ಡ ಬಟನ್ ಕಾಣುತ್ತವೆ. ನಮಗೆ ಬೇಕಾದಷ್ಟು ಬರೆಯಲು ಜಾಗವೇ ಇಲ್ಲ. 40 ಇದರಿಂದ, ಮಿಕ್ಕಿದ್ದು ಬ್ಯಾಂಕ್ ಕಾರ್ಡ್‌ನಿಂದ ಕೊಡುತ್ತೇನೆ ಅಂದರೆ ಆ್ಯಪ್ ಒಪ್ಪುವುದಿಲ್ಲ. ಸರಿ, 100 ತುಂಬಿದಿರಿ. ಬಿಲ್ ತೀರಿತು, 85 ಒಳಗೇ ಉಳಿಯಿತು. ಮುಂದಿನ ಸಲವೂ ಇದೇ ಕಥೆ. ಬ್ಯಾಲೆನ್ಸ್ ಸೊನ್ನೆಗೆ ಬರುವುದೇ ಇಲ್ಲ. ಹಾಗೆ ಬರದಿರಲಿ ಅಂತಲೇ ಇದನ್ನು ಮಾಡಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೌಂಟರ್‌ಗೆ ಹೋಗಿ ಕೇಳಿದರೆ ಮಾತ್ರ ಬಿಲ್ ಎರಡು ಭಾಗ ಮಾಡಿ ಕೊಡುತ್ತಾರೆ. ಅಂದರೆ ಅವರ ಸಿಸ್ಟಮ್‌ಗೆ ಅದು ಗೊತ್ತು! ಆ್ಯಪ್‌ನಲ್ಲಿ ಮಾತ್ರ ಆ ದಾರಿ ಮುಚ್ಚಿದ್ದಾರೆ, ಅಷ್ಟೇ.

ಆಟೋ ರೀಲೋಡ್ ಇನ್ನೊಂದು ತಲೆನೋವು. ಹಣ ತುಂಬುವ ಪುಟದಲ್ಲಿ ಅದರ ಟಿಕ್ ಮೊದಲೇ ಬಿದ್ದಿರುತ್ತದೆ. ಗಮನಿಸಿ ತೆಗೆಯದಿದ್ದರೆ, ಬ್ಯಾಲೆನ್ಸ್ ಸ್ವಲ್ಪ ಇಳಿದ ಕೂಡಲೇ ಬ್ಯಾಂಕ್ ಖಾತೆಯಿಂದ ಹಣ ತಾನಾಗಿ ಹೋಗುತ್ತದೆ. ಒಮ್ಮೆ ಆನ್ ಆದಮೇಲೆ ಆಫ್ ಮಾಡುವ ಬಟನ್ ಆ ಪುಟದಲ್ಲಿಲ್ಲ. ಪ್ರೊಫೈಲ್, ಪಾವತಿ, ಉಳಿಸಿದ ಕಾರ್ಡ್ ಅಂತ ಒಳಗೊಳಗೆ ಹೋಗಿ ಹುಡುಕಬೇಕು. ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲೂ ಆಗಬೇಕು, ಅಲ್ವಾ?

ಒಬ್ಬರ 85 ಸಣ್ಣದು ಅನ್ನಿಸಬಹುದು. ಲಕ್ಷಾಂತರ ಜನರದ್ದು ಸೇರಿದರೆ ಕಂಪನಿಗೆ ಅದು ಬಡ್ಡಿಯಿಲ್ಲದ ಸಾಲ. ಜನ ಬಳಸದೆ ಬಿಟ್ಟ ಹಣಕ್ಕೆ ಲೆಕ್ಕಪತ್ರದಲ್ಲಿ ಬ್ರೇಕೇಜ್ ಅನ್ನುತ್ತಾರೆ. ಗ್ರಾಹಕರು ಎಷ್ಟು ಭಾಗ ಬಳಸುವುದಿಲ್ಲ ಎಂದು ಅಂದಾಜು ಮಾಡಿ, ಅದನ್ನು ಆದಾಯವಾಗಿ ತೋರಿಸಲು ಲೆಕ್ಕಪತ್ರದ ನಿಯಮಗಳೇ ಅವಕಾಶ ಕೊಡುತ್ತವೆ.

ಕಾನೂನು ಏನನ್ನುತ್ತದೆ ಅಂತ ಓದಲು ಕೂತಾಗ ನನಗೆ ನಿಜಕ್ಕೂ ಬೇಸರವಾಯಿತು. ಗಿಫ್ಟ್ ಕಾರ್ಡ್‌ಗೆ ರಕ್ಷಣೆ ಇದೆ, ಆದರೆ ರೀಲೋಡ್ ಅಂದ ಕೂಡಲೇ ಎಷ್ಟೋ ಕಡೆ ಅದರ ಹಿಡಿತ ಸಡಿಲವಾಗುತ್ತದೆ. ಆಸ್ಟ್ರೇಲಿಯಾದಲ್ಲಿ 2019ರ ನವೆಂಬರ್‌ನಿಂದ ಗಿಫ್ಟ್ ಕಾರ್ಡ್‌ಗೆ ಕನಿಷ್ಠ 3 ವರ್ಷ ಅವಧಿ ಇರಲೇಬೇಕು. ಆದರೆ ಮತ್ತೆ ಹಣ ತುಂಬಬಹುದಾದ ಕಾರ್ಡ್‌ಗಳು ಆ ನಿಯಮದ ಹೊರಗೆ. ಅಮೆರಿಕದ 2009ರ ಕಾನೂನು ಸ್ವಲ್ಪ ವಾಸಿ. ಅಂಗಡಿಯ ಗಿಫ್ಟ್ ಕಾರ್ಡ್‌ಗೆ ಕೊನೆಯ ಸಲ ಹಣ ತುಂಬಿದ ದಿನದಿಂದ ಕನಿಷ್ಠ 5 ವರ್ಷ ಆ ಹಣ ನಿಲ್ಲಬೇಕು. 12 ತಿಂಗಳು ಸುಮ್ನೆ ಬಿದ್ದಿದ್ದರೆ ಮಾತ್ರ ಬಳಸದ್ದಕ್ಕೆ ಶುಲ್ಕ ಹಾಕಬಹುದು. ಭಾರತದಲ್ಲಿ ಆರ್‌ಬಿಐ ನಿಯಮದ ಗಿಫ್ಟ್ ಕಾರ್ಡ್‌ಗೆ 10,000 ರೂಪಾಯಿ ಮಿತಿ ಇದೆ, ಅದಕ್ಕೆ ಮತ್ತೆ ಹಣ ತುಂಬುವಂತೆಯೇ ಇಲ್ಲ. ಆದರೆ ಒಂದು ಅಂಗಡಿ ತನ್ನಲ್ಲಿ ಮಾತ್ರ ಬಳಸಲು ಕೊಡುವ ಕಾರ್ಡ್‌ಗೆ ಆರ್‌ಬಿಐ ಅನುಮತಿ ಬೇಕಿಲ್ಲ. ಆಗ ಗ್ರಾಹಕ ರಕ್ಷಣಾ ಕಾನೂನೇ ಗತಿ.

ಈ ನಿಯಮಗಳಲ್ಲಿ ಹೆಚ್ಚಿನವು ಅವಧಿ ಮತ್ತು ಶುಲ್ಕದ ಬಗ್ಗೆ ಮಾತಾಡುತ್ತವೆ. ಕನಿಷ್ಠ ಇಷ್ಟು ತುಂಬಲೇಬೇಕು ಅನ್ನುವ ಒತ್ತಾಯದ ಬಗ್ಗೆ ಅಲ್ಲ. ನನ್ನ ದುಡ್ಡು ಸಿಕ್ಕಿಕೊಳ್ಳುವುದು ಅಲ್ಲೇ.

ಉಳಿದ ಹಣ ಬ್ಯಾಂಕ್‌ಗೆ ವಾಪಸ್ ಹಾಕಿ ಅಂತ ಕಸ್ಟಮರ್ ಕೇರ್‌ಗೆ ಕೇಳಿದೆ. "ಸರ್, ಪಾಲಿಸಿಯಲ್ಲಿ ಇಲ್ಲ, ಬೇಕಿದ್ರೆ ಬೋನಸ್ ಪಾಯಿಂಟ್ ಹಾಕ್ತೀವಿ" ಅಂದರು. ಪಾಪ, ಆ ಹುಡುಗಿಯ ತಪ್ಪಲ್ಲ. ಆದರೆ ಬೋನಸ್ ಖರ್ಚು ಮಾಡಲೂ ಮತ್ತೆ ಅಲ್ಲಿಗೇ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಉಳಿಕೆಯನ್ನು ನಗದಾಗಿ ಕೇಳಿ ಪಡೆಯುವ ಹಕ್ಕೇ ಇದೆ. ಅಲ್ಲಿ ಆಗುವುದು ಬೇರೆ ಕಡೆ ಯಾಕಾಗಬಾರದು?

ನಿಮ್ಮ ಹತ್ತಿರ ಇಂಥ ಕಾರ್ಡ್ ಇದ್ದರೆ ಇವತ್ತೇ ಆಟೋ ರೀಲೋಡ್ ತೆಗೆಯಿರಿ, ಉಳಿಸಿದ ಬ್ಯಾಂಕ್ ಕಾರ್ಡ್ ಅಳಿಸಿ. ಉಳಿಕೆಯನ್ನು ಕೌಂಟರ್‌ನಲ್ಲಿ ಬಿಲ್ ಭಾಗ ಮಾಡಿಸಿ ಸೊನ್ನೆಗೆ ತನ್ನಿ. ಕೇಳದೆ ಹಣ ಹೋಗಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಂಪನಿಗೆ ಬರಹದಲ್ಲೇ ದೂರು ಕೊಡಿ, ಬ್ಯಾಂಕ್‌ಗೂ ತಿಳಿಸಿ. ಫೋನ್‌ನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ.

ಬೇಕಾದಷ್ಟೇ ತುಂಬಲು ಒಂದು ಖಾಲಿ ಚೌಕ ಕೊಡಲಿ, ಟಿಕ್ ತೆಗೆದೇ ಇಡಲಿ, ಉಳಿದದ್ದನ್ನು ಕೇಳಿದಾಗ ವಾಪಸ್ ಕೊಡಲಿ. ಅವತ್ತು ಉಳಿದ ಮೂರು ಸ್ಟಾರ್ ನಾನೇ ಬಂದು ಸೇರಿಸುತ್ತೇನೆ.